ಯಾವ ‘ಶೂನ್ಯಸಂಪಾದನೆ’? ಒಂದೇ ಹೆಸರಿನ ಪುಸ್ತಕಗಳ ಹಳೆಯ ಗೊಂದಲ

ಶಿವಮೊಗ್ಗದ ಗ್ರಂಥಾಲಯವೊಂದರಲ್ಲಿ ಕೆಲವು ವರ್ಷಗಳ ಹಿಂದೆ, ಶರಣರ ವಚನಗಳನ್ನು ಸಂವಾದವಾಗಿ ಪೋಣಿಸಿದ ‘ಶೂನ್ಯಸಂಪಾದನೆ’ ಬೇಕೆಂದು ಚೀಟಿ ಬರೆದು ಕೊಟ್ಟಿದ್ದೆ. ಸಹಾಯಕರು ಒಳಗಿನಿಂದ ಬೆನ್ನಿಗೆ ಕಂದು ಕಾಗದ ಅಂಟಿಸಿದ ದಪ್ಪನೆಯ ಸಂಪುಟವೊಂದನ್ನು ತಂದು ಮೇಜಿನ ಮೇಲಿಟ್ಟರು. ನಾನು ಗುರುತು ಹಾಕಿಕೊಂಡು ಹೋಗಿದ್ದ ಪುಟದಲ್ಲಿ ನನಗೆ ಬೇಕಾದ ಪ್ರಸಂಗ ಇರಲಿಲ್ಲ, ಅದರ ಆಸುಪಾಸಿನಲ್ಲಿಯೂ ಇರಲಿಲ್ಲ. ಅರ್ಧ ಗಂಟೆ ತಡಕಾಡಿದ ಮೇಲೆ ಮುಖಪುಟದ ಹಿಂದಿನ ಹಾಳೆಗೆ ಮರಳಿದರೆ ಸಂಕಲನಕಾರನ ಹೆಸರೇ ಬೇರೆಯಾಗಿತ್ತು. ಚೀಟಿಯಲ್ಲಿ ಕರ್ತೃವಿನ ಹೆಸರಿಗೂ ಒಂದು ಗೆರೆ ಎಳೆದಿದ್ದರು; ಅದನ್ನು ಖಾಲಿ ಬಿಟ್ಟವನು ನಾನೇ.

ಒಂದೇ ಹೆಸರಿನ ಬೇರೆ ಬೇರೆ ಪುಸ್ತಕಗಳ ತೊಡಕು ಈಗ ಇನ್ನಷ್ಟು ಬಿಗಿಯಾಗಿದೆ. ಅಂತರ್ಜಾಲದ ಮಳಿಗೆಯಲ್ಲಿ ಹೆಸರು ಟೈಪಿಸಿದರೆ ಸಾಕು ಎಂಬ ಅಭ್ಯಾಸ ಬೆಳೆದಿದೆ, ಲೇಖನಗಳ ಅಡಿಟಿಪ್ಪಣಿಗಳು ಕೃತಿಯ ಹೆಸರನ್ನಷ್ಟೇ ಹೇಳಿ ಮುಗಿಸುತ್ತವೆ, ಓದುಗ ಮಾತ್ರ ಬೇರೊಂದು ಪುಸ್ತಕ ಹಿಡಿದುಕೊಂಡು ಮನೆಗೆ ಬರುತ್ತಾನೆ.

ಹಳಗನ್ನಡದ ಕಾಲಕ್ಕೆ ಇದು ಹೊಸ ಸಂಗತಿಯೇನೂ ಆಗಿರಲಿಲ್ಲ. ಜೈನ ಕವಿಗಳು ತೀರ್ಥಂಕರರ ಪುರಾಣಗಳನ್ನು ಬರೆಯುವಾಗ ಕಥಾನಾಯಕನ ಹೆಸರೇ ಕೃತಿಯ ಹೆಸರಾಗುತ್ತಿತ್ತು. ಕರ್ಣಪಾರ್ಯನಿಗೂ ನೇಮಿನಾಥ ಬೇಕು, ನೇಮಿಚಂದ್ರನಿಗೂ ನೇಮಿನಾಥ ಬೇಕು. ನೇಮಿಚಂದ್ರನ ಕೃತಿ ಅರ್ಧಕ್ಕೆ ನಿಂತದ್ದರಿಂದ ‘ಅರ್ಧನೇಮಿ’ ಎಂದೇ ಪ್ರಸಿದ್ಧವಾಯಿತು. ಅಪೂರ್ಣತೆಯೇ ಗುರುತಾದ ಪುಸ್ತಕ ಅದು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ ಒಂದಾದರೆ, ಭೀಮಕವಿ 1369ರಲ್ಲಿ ಮುಗಿಸಿದ ಕನ್ನಡದ ಬಸವಪುರಾಣ ಇನ್ನೊಂದು. ಭಾರತ, ರಾಮಾಯಣಗಳ ಮಾತಂತೂ ಹೇಳುವುದೇ ಬೇಡ. ಆದರೂ ಜನ ಗೊಂದಲಕ್ಕೆ ಬೀಳಲಿಲ್ಲ, ಏಕೆಂದರೆ ಕವಿಯ ಅಥವಾ ಊರಿನ ಹೆಸರನ್ನು ಮುಂದಿಟ್ಟು ಕರೆಯುವ ರೂಢಿ ಇತ್ತು: ಪಂಪಭಾರತ, ಗದುಗಿನ ಭಾರತ, ತೊರವೆ ರಾಮಾಯಣ. ಪಂಪ ತನ್ನ ಕಾವ್ಯಕ್ಕೆ ಇಟ್ಟ ಹೆಸರು ‘ವಿಕ್ರಮಾರ್ಜುನವಿಜಯ’, ಕುಮಾರವ್ಯಾಸ ಇಟ್ಟದ್ದು ‘ಕರ್ಣಾಟ ಭಾರತ ಕಥಾಮಂಜರಿ’. ಓದುಗರು ಅವನ್ನು ಬದಿಗಿಟ್ಟು ತಮಗೆ ಗುರುತು ಸಿಗುವಂಥ ಹೆಸರನ್ನು ತಾವೇ ಕೊಟ್ಟುಕೊಂಡರು. ಓಲೆಗರಿಯಲ್ಲಿ ಮುಖಪುಟ ಇರುತ್ತಿರಲಿಲ್ಲ. ಗದ್ಯಪದ್ಯ ಬೆರೆತ ಚಂಪೂಕಾವ್ಯಗಳಲ್ಲಿ ಆಶ್ವಾಸ, ಅಂದರೆ ಅಧ್ಯಾಯ, ಮುಗಿದಲ್ಲೆಲ್ಲ ಬರುವ ಗದ್ಯದ ಸಾಲುಗಳೇ, ಕೃತಿ ಯಾವುದು, ಬರೆದವನು ಯಾರು ಎಂಬುದನ್ನು ಒಟ್ಟಿಗೇ ಹೇಳುತ್ತಿದ್ದವು. ಮಲೆನಾಡಿನ ಯಕ್ಷಗಾನದವರಿಗೂ ಇದು ಗೊತ್ತಿದ್ದ ವಿಷಯವೇ. ಒಂದೇ ಕಥೆಗೆ ಬೇರೆ ಬೇರೆ ಕವಿಗಳ ಪದ್ಯಗಳಿರುವಾಗ ಪ್ರಸಂಗದ ಹೆಸರೊಂದನ್ನೇ ಹೇಳಿದರೆ ಭಾಗವತರಿಗೆ ಸಾಲದು, ಯಾರ ಪದ್ಯ ಎಂದೂ ತಿಳಿಯಬೇಕು.

ಈ ರೂಢಿ ಸರಿಯಾಗಿ ಕೈಗೆ ಹತ್ತದೇ ಹೋದದ್ದು ಶೂನ್ಯಸಂಪಾದನೆಯ ವಿಷಯದಲ್ಲಿ. ಇದರ ಕೇಂದ್ರದಲ್ಲಿರುವ ಅಲ್ಲಮಪ್ರಭು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನು, ಅವನೊಡನೆ ವಾದಕ್ಕಿಳಿಯುವ ಅಕ್ಕಮಹಾದೇವಿ ಅದೇ ಸೀಮೆಯ ಉಡುತಡಿಯವಳು. ಹೀಗಾಗಿ ಈ ಕೃತಿ ನಮ್ಮ ಜಿಲ್ಲೆಯ ಓದುಗರಿಗೆ ಮನೆಯ ಮಾತಿದ್ದಂತೆ. ಹನ್ನೆರಡನೆಯ ಶತಮಾನದ ವಚನಗಳನ್ನು ಸಂವಾದದ ರೂಪದಲ್ಲಿ ಪೋಣಿಸುವ ಕೆಲಸವನ್ನು ಮೊದಲು ಮಾಡಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಅವನ ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಮತ್ತೆ ಅದೇ ಕೆಲಸಕ್ಕೆ ಕೈ ಹಾಕಿ ಅದೇ ಹೆಸರನ್ನು ಉಳಿಸಿಕೊಂಡರು. ಇವನ್ನು ಪ್ರತಿಗಳು ಎನ್ನಲಾಗದು, ಪರಿಷ್ಕರಣಗಳು ಎಂದರೆ ಪೂರ್ತಿ ಸರಿಹೋಗದು. ಆರಿಸಿದ ವಚನಗಳು, ಅವುಗಳ ಸಂಖ್ಯೆ, ಪ್ರಸಂಗಗಳ ಜೋಡಣೆ, ನಡುವೆ ಕೊಂಡಿಯಾಗಿ ಬರುವ ಗದ್ಯ, ಎಲ್ಲದರಲ್ಲಿಯೂ ವ್ಯತ್ಯಾಸವಿದೆ. ಸೊನ್ನಲಿಗೆಯ ಶರಣ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಯಿತೇ ಇಲ್ಲವೇ ಎಂಬ ಪ್ರಶ್ನೆಯಲ್ಲಂತೂ ಸಂಕಲನಕಾರರ ನಡುವೆ ಭಿನ್ನಾಭಿಪ್ರಾಯವೇ ಇತ್ತು. ‘ಶೂನ್ಯಸಂಪಾದನೆಯಲ್ಲಿ ಹೀಗಿದೆ’ ಎಂದು ಯಾರಾದರೂ ವೇದಿಕೆಯ ಮೇಲೆ ಘಂಟಾಘೋಷವಾಗಿ ಹೇಳಿದಾಗ, ಸಭೆಯಲ್ಲಿ ಇನ್ನೊಬ್ಬರು ಎದ್ದು ‘ಇಲ್ಲ, ಹಾಗಿಲ್ಲ’ ಎಂದರೆ ಇಬ್ಬರೂ ನಿಜ ಹೇಳುತ್ತಿರುವ ಸಾಧ್ಯತೆ ಉಂಟು. ಮುದ್ರಣದ ಕಾಲದಲ್ಲಿ ಗೂಳೂರು ಸಿದ್ಧವೀರಣ್ಣೊಡೆಯನ ಸಂಕಲನಕ್ಕೆ ಹೆಚ್ಚಿನ ಪ್ರಚಾರ ಸಿಕ್ಕಿದ್ದರಿಂದ, ವಿಶೇಷಣವಿಲ್ಲದೆ ‘ಶೂನ್ಯಸಂಪಾದನೆ’ ಎಂದರೆ ಅದೇ ಎಂಬ ಭಾವನೆ ಬೇರೂರಿತು. ಉಳಿದ ಮೂವರ ಹೆಸರು ಕನ್ನಡ ಎಂ.ಎ. ಪರೀಕ್ಷೆಯ ಟಿಪ್ಪಣಿಗಳಿಂದಾಚೆಗೆ ಹೆಚ್ಚು ಕೇಳಿಬರದಿರುವುದು ಸ್ವಲ್ಪ ಅನ್ಯಾಯವೇ ಸರಿ.

ಮುದ್ರಣ ಬಂದ ಮೇಲೆ ಸರ್ಕಾರವೂ ಲೆಕ್ಕ ಇಡತೊಡಗಿತು. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯಿದೆ ಪುಸ್ತಕದ ಹೆಸರು, ಭಾಷೆ, ಕರ್ತೃ, ಮುದ್ರಕ ಮುಂತಾದ ವಿವರಗಳ ಪಟ್ಟಿಯನ್ನು ಕೇಳಿತೇ ಹೊರತು, ಒಮ್ಮೆ ಬಂದ ಹೆಸರು ಮತ್ತೆ ಬರಬಾರದು ಎಂದು ಎಲ್ಲಿಯೂ ಹೇಳಲಿಲ್ಲ. ಪತ್ರಿಕೆಗಳ ಕಥೆ ಬೇರೆ. ಅಲ್ಲಿ ಶೀರ್ಷಿಕೆಗೆ ಮೊದಲೇ ಒಪ್ಪಿಗೆ ಪಡೆಯಬೇಕು. ಸಿನಿಮಾದವರು ವಾಣಿಜ್ಯ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳುತ್ತಾರೆ. ಪುಸ್ತಕಕ್ಕೆ ಅಂಥ ಬಾಗಿಲು ಯಾವುದೂ ಇಲ್ಲ. ಸಾಗರದ ಕಾಲೇಜಿನಲ್ಲಿ ಕೆಲಕಾಲ ಪ್ರಾಂಶುಪಾಲರಾಗಿದ್ದ ಗೋಪಾಲಕೃಷ್ಣ ಅಡಿಗರು ಸಂಪಾದಿಸುತ್ತಿದ್ದ ಪತ್ರಿಕೆ ‘ಸಾಕ್ಷಿ’, ಎಸ್.ಎಲ್. ಭೈರಪ್ಪನವರ 1986ರ ಕಾದಂಬರಿಯೂ ‘ಸಾಕ್ಷಿ’; ಎರಡಕ್ಕೂ ಪರಸ್ಪರ ಸಂಬಂಧವಿಲ್ಲ, ತಕರಾರಿಗೆ ಕಾರಣವೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯಿದೆ ಬರಹವನ್ನು ಕಾಯುತ್ತದೆ, ಶೀರ್ಷಿಕೆಯನ್ನಲ್ಲ. ‘ದೇಸಿ ಬಾಯ್ಸ್’ ಎಂಬ ಚಲನಚಿತ್ರದ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನೇ ಸ್ಪಷ್ಟಪಡಿಸಿ, ಶೀರ್ಷಿಕೆಯೊಂದೇ ಸ್ವತಂತ್ರ ಕೃತಿಯಾಗದು ಎಂದಿತು.

ಪುಸ್ತಕಗಳಿಗೆ ಐಎಸ್‌ಬಿಎನ್ ಎಂಬ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ ಬಂದ ಮೇಲೆ ಯಂತ್ರಕ್ಕೆ ಗೊಂದಲವಿಲ್ಲ. 2007ರಿಂದ ಹದಿಮೂರು ಅಂಕಿಗಳಾದ ಈ ಸಂಖ್ಯೆ ಹೆಸರು ಒಂದೇ ಆದರೂ ಆವೃತ್ತಿಯನ್ನು ಬೇರ್ಪಡಿಸುತ್ತದೆ. ಐಎಸ್‌ಬಿಎನ್ ಬರುವುದಕ್ಕಿಂತ ಹಿಂದಿನ ಪುಸ್ತಕಗಳಿಗೆ ಮತ್ತು ಊರೂರಿನಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚಾದ ಅದೆಷ್ಟೋ ಪುಸ್ತಕಗಳಿಗೆ ಆ ಸಂಖ್ಯೆ ಇಲ್ಲ. ಇದ್ದರೂ ಓದುಗನ ನಾಲಗೆಯ ಮೇಲೆ ನಿಲ್ಲುವಂಥದ್ದಲ್ಲ.

ಮೊನ್ನೆ ಶಿವಮೊಗ್ಗದ ಪುಸ್ತಕದಂಗಡಿಯೊಂದರಲ್ಲಿ ಕಾಲೇಜು ಹುಡುಗಿಯೊಬ್ಬಳು ‘ಕನ್ನಡ ಸಾಹಿತ್ಯ ಚರಿತ್ರೆ’ ಕೇಳಿದಳು. ರಂ.ಶ್ರೀ. ಮುಗಳಿ ಅವರದೂ ಅದೇ ಹೆಸರು, ತ.ಸು. ಶಾಮರಾಯರದೂ ಅದೇ ಹೆಸರು. ಅಂಗಡಿಯವರು ಕಪಾಟಿನ ಕಡೆ ತಿರುಗಲೂ ಇಲ್ಲ, ಕೂತಲ್ಲಿಂದಲೇ ಕೇಳಿದರು: “ಮುಗಳಿ ಕೊಡ್ಲೇನಮ್ಮಾ, ಶಾಮರಾಯರು ಕೊಡ್ಲಾ?” ಅವಳು ಫೋನ್ ತೆಗೆದು ಮೇಷ್ಟ್ರು ಕಳಿಸಿದ ಪಟ್ಟಿಯನ್ನು ಮೇಲಕ್ಕೂ ಕೆಳಕ್ಕೂ ಜಾರಿಸಿ ನೋಡಿದಳು. ಪಟ್ಟಿಯಲ್ಲಿ ಪುಸ್ತಕದ ಹೆಸರಷ್ಟೇ ಇತ್ತು.