ಕಾಯುತ್ತಿರುವ ಗಾಡಿಯೇ ಕಣ್ಣಿಗೆ ಕಾಣುವುದೇಕೆ?

ಪ್ರಶ್ನೆ: ಮುಂಬಯಿಯ ದಾದರ್ ನಿಲ್ದಾಣದಲ್ಲಿ ಕಲ್ಯಾಣಕ್ಕೆ ಹೋಗುವ ಫಾಸ್ಟ್ ಲೋಕಲ್ ರೈಲಿಗಾಗಿ ಕಾಯುವಾಗ ದೂರದ ಲೋಕಲ್‌ನ ಹಣೆಯ ಮೇಲೆ ‘ಕಲ್ಯಾಣ’ ಎಂದೇ ಕಾಣುತ್ತದೆ, ಹತ್ತಿರ ಬಂದರೆ ಅದು ಠಾಣೆ ಗಾಡಿ. ತಪ್ಪು ಕಣ್ಣಿನದೋ, ಮನಸ್ಸಿನದೋ?

ಕಣ್ಣಿನದಂತೂ ಅಲ್ಲ, ಅಕ್ಷಿಪಟಲದ ಮೇಲೆ ಬೀಳುವ ಬೆಳಕು ನಿಮ್ಮ ಅವಸರಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಹಾಗೆಂದು ಎಲ್ಲವನ್ನೂ ಮನಸ್ಸಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಮಿದುಳಿನ ಹಿಂಭಾಗದಲ್ಲಿರುವ ಪ್ರಾಥಮಿಕ ದೃಷ್ಟಿವಲಯಕ್ಕೆ ಕಣ್ಣಿನ ಕಡೆಯಿಂದ ಸಂಕೇತಗಳು ಬರುವಂತೆಯೇ ಮೇಲಿನ ಹಂತದ ವಲಯಗಳಿಂದಲೂ ಬರುತ್ತವೆ. ಆದ್ದರಿಂದ ‘ಯಾರ ತಪ್ಪು’ ಎನ್ನುವುದಕ್ಕಿಂತ ‘ನೋಟದಲ್ಲಿ ಮನಸ್ಸು ಕೈಹಾಕುವುದು ಯಾವ ಹೊತ್ತಿನಲ್ಲಿ’ ಎಂದು ಕೇಳುವುದೇ ಮೇಲು.

ಮೊದಲು ಗಮನವನ್ನು ತೆಗೆದುಕೊಳ್ಳಿ. ತಲೆಗೆ ಇಲೆಕ್ಟ್ರೋಡ್ ಅಂಟಿಸಿ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆದಾಗ, ಚಿತ್ರ ಮೂಡಿದ ಸುಮಾರು 50ರಿಂದ 90 ಮಿಲಿಸೆಕೆಂಡುಗಳೊಳಗೆ ಏಳುವ ಮೊದಲ ಅಲೆಯಲ್ಲಿ ಗಮನದ ಪ್ರಭಾವ ಹೆಚ್ಚಿನ ಪ್ರಯೋಗಗಳಲ್ಲಿ ಕಂಡುಬಂದಿಲ್ಲ. ಆದರೆ 100 ಮಿಲಿಸೆಕೆಂಡುಗಳ ಆಸುಪಾಸಿನಲ್ಲಿ ಬರುವ ಮುಂದಿನ ಅಲೆಯು, ಕಣ್ಣು ಕದಲಿಸದೆ ಗಮನವನ್ನಷ್ಟೇ ಇಟ್ಟ ಜಾಗದಲ್ಲಿ ಚಿತ್ರ ಮೂಡಿದರೆ ದೊಡ್ಡದಾಗುತ್ತದೆ. ಇದು ಯಂತ್ರಕ್ಕಷ್ಟೇ ಗೊತ್ತಾಗುವ ವ್ಯತ್ಯಾಸವೆಂದುಕೊಳ್ಳಬೇಡಿ. ಗಮನ ಸೆಳೆದ ಪಟ್ಟೆಚಿತ್ರವು ಪಕ್ಕದ್ದಕ್ಕಿಂತ ಹೆಚ್ಚು ಎದ್ದು ಕಾಣುತ್ತದೆಂದು ಮನೋವಿಜ್ಞಾನಿ ಮಾರಿಸಾ ಕರಾಸ್ಕೊ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು.

ನಿರೀಕ್ಷೆಯ ಮಾತು ಬೇರೆ. ಯಾವುದು ಬೇಕು ಎಂಬುದನ್ನು ಗಮನ ನೋಡಿಕೊಂಡರೆ, ಯಾವುದು ಬಂದೀತು ಎಂಬುದು ನಿರೀಕ್ಷೆಯ ಲೆಕ್ಕ. ಇವೆರಡನ್ನೂ ಒಂದೇ ಎಂಬಂತೆ ಬರೆಯುವ ಲೇಖನಗಳೇ ಹೆಚ್ಚು. ನರವಿಜ್ಞಾನಿ ಪೀಟರ್ ಕಾಕ್ ಮತ್ತು ಸಂಗಡಿಗರ 2012ರ ಅಧ್ಯಯನದಲ್ಲಿ, ನಿರೀಕ್ಷಿಸಿದ ಚಿತ್ರವೇ ಬಂದಾಗ ಪ್ರಾಥಮಿಕ ದೃಷ್ಟಿವಲಯದ ಒಟ್ಟು ಚಟುವಟಿಕೆ ತಗ್ಗಿತ್ತು. ಆದರೂ ಆ ಚಟುವಟಿಕೆಯಿಂದ ಯಾವ ಚಿತ್ರವೆಂದು ಗುರುತಿಸುವುದು ಇನ್ನಷ್ಟು ಸುಲಭವಾಗಿತ್ತು.

ನಿಮ್ಮ ಗಾಡಿಯ ವಿಷಯದಲ್ಲಿ ಕಣ್ಣಿಗೆ ಸಿಗುವ ಪುರಾವೆಯೇ ತೆಳುವು: ಉರಿಯುವ ಚುಕ್ಕಿಗಳ ಮಸುಕು, ದೇವನಾಗರಿಯ ತಲೆಗೆರೆ, ಎರಡೂ ಹೆಸರುಗಳಲ್ಲಿರುವ ಣಕಾರ. ಪುರಾವೆ ಕಡಿಮೆಯಾದಷ್ಟೂ ನಿರೀಕ್ಷೆಯ ತೂಕ ಹೆಚ್ಚುತ್ತದೆ. ಆದರೆ ನೀವು ‘ಕಲ್ಯಾಣ’ವನ್ನು ನಿಜವಾಗಿ ಕಂಡಿರೋ, ಕಂಡೆನೆಂದು ತೀರ್ಮಾನಿಸಿದಿರೋ? ಇಂಥ ಅನೇಕ ಪ್ರಯೋಗಗಳು ನೋಟವನ್ನೂ ತೀರ್ಮಾನವನ್ನೂ ಬೆರೆಸಿಬಿಡುತ್ತವೆ ಎಂದು 2016ರಲ್ಲಿ ಮನೋವಿಜ್ಞಾನಿಗಳಾದ ಚಾಜ್ ಫೈರ್‌ಸ್ಟೋನ್ ಮತ್ತು ಬ್ರಯಾನ್ ಶೋಲ್ ಆಕ್ಷೇಪಿಸಿದರು. ಗಮನದ ಬಗೆಗಿನ ಅಳತೆಗಳನ್ನು ಈ ಆಕ್ಷೇಪ ಅಷ್ಟಾಗಿ ಅಲುಗಿಸದು. ನಿರೀಕ್ಷೆಯ ವಿಷಯದಲ್ಲಿ ಮಾತ್ರ, ನನ್ನ ಮಟ್ಟಿಗೆ, ವಾದ ಇನ್ನೂ ಮುಗಿದಿಲ್ಲ.