ವೈವಾ ಮುಗಿದ ಮರುದಿನ ಮಾಹಿತಿ ತುಂಬುವವರು ಯಾರು?

ಕಾಲೇಜು ಪ್ರಾಜೆಕ್ಟುಗಳ ವೈವಾ (ಮೌಖಿಕ ಪರೀಕ್ಷೆ) ನಡೆಯುವಾಗ ಪರೀಕ್ಷಕರ ಕೊಠಡಿಯಲ್ಲಿ ಪ್ರತಿ ವರ್ಷ ನಾನೊಂದು ಬಾಜಿ ಕಟ್ಟುತ್ತೇನೆ. ಈ ಸಲದ ಪ್ರಾಜೆಕ್ಟುಗಳಲ್ಲಿ ರಕ್ತದಾನಿಗಳ ಆ್ಯಪ್ ಒಂದೂ ಇಲ್ಲದಿದ್ದರೆ ಎಲ್ಲರ ಚಹಾ-ಬನ್ಸ್ ಖರ್ಚು ನನ್ನದು. ಇವತ್ತಿನವರೆಗೆ ಜೇಬಿಗೆ ಕೈ ಹಾಕುವ ಪ್ರಸಂಗ ಬಂದಿಲ್ಲ.

ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕಸುಬು. ಕಾಲೇಜಿನವರು ಕರೆದರೆ ಕರಾವಳಿಗೂ ಹೋಗುತ್ತೇನೆ, ಘಟ್ಟದ ಮೇಲಕ್ಕೂ ಹೋಗುತ್ತೇನೆ, ಹೊರಗಿನ ಪರೀಕ್ಷಕನಾಗಿ. ಹುಡುಗ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಊರಿಗೆ ಏನಾದರೂ ಮಾಡಬೇಕೆಂಬ ಆಸೆ ಅವರಿಗೆ ನಿಜವಾಗಿಯೂ ಇದೆ. ಕೋಡಿಂಗಂತೂ ನಮ್ಮ ಕಾಲದವರಿಗಿಂತ ಎಷ್ಟೋ ಚೆನ್ನಾಗಿ ಮಾಡುತ್ತಾರೆ, ಅದರ ಬಗ್ಗೆ ನಾನು ಹೇಳಿಕೊಡುವಂಥದ್ದೇನಿಲ್ಲ. ನನ್ನ ತಲೆ ಬಿಸಿ ಮಾಡುವುದು ಒಂದೇ ಒಂದು ಉತ್ತರ. ರಕ್ತದಾನಿಗಳ ಆ್ಯಪಿನಿಂದಲೇ ಹೇಳುತ್ತೇನೆ.

ಗಂಡಸರು ಒಮ್ಮೆ ರಕ್ತ ಕೊಟ್ಟರೆ ಮತ್ತೆ ಕೊಡಲು 90 ದಿನ ಕಾಯಬೇಕು, ಹೆಂಗಸರಾದರೆ 120 ದಿನ. ಅಂದರೆ ಪಟ್ಟಿಯಲ್ಲಿರುವ ಒಬ್ಬೊಬ್ಬರ ಸ್ಥಿತಿಯೂ ಪ್ರತಿ ದಾನದ ನಂತರ ಬದಲಾಗುತ್ತದೆ. ನಾನು ಕೇಳುವುದು ಇಷ್ಟೇ: "ಈ ಓ ನೆಗೆಟಿವ್ ಹುಡುಗ ಮೊನ್ನೆ ತಾನೇ ಕಾರವಾರದಲ್ಲಿ ರಕ್ತ ಕೊಟ್ಟು ಬಂದ. ಅದು ನಿಮ್ಮ ಆ್ಯಪಿಗೆ ಹೇಗೆ ಗೊತ್ತಾಗ್ತದೆ?"

"ಅವರೇ ಅಪ್‌ಡೇಟ್ ಮಾಡ್ತಾರೆ ಸರ್."

"ಯಾಕೆ ಮಾಡ್ತಾರೆ?"

ಇಲ್ಲಿಗೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಗೈಡ್ ಮೇಡಂ ಪ್ರೊಜೆಕ್ಟರಿನ ವೈರು ಸರಿಮಾಡತೊಡಗುತ್ತಾರೆ.

ಆ್ಯಪ್ ಎಂಬುದು ಪಾತ್ರೆ. ಒಳಗಿನ ಮಾಹಿತಿಯನ್ನು ಯಾರೋ ಒಬ್ಬರು ದಿನವೂ, ವಾರವೂ, ಮಳೆಗಾಲದಲ್ಲಿ ಕರೆಂಟು ಹೋದಾಗಲೂ ತುಂಬುತ್ತಲೇ ಇರಬೇಕು. ಹಾಗೆ ತುಂಬಲು ಅವರಿಗೆ ತಮ್ಮದೇ ಆದ ಕಾರಣ ಬೇಕು. ಸಂಬಳ ಬರುತ್ತದೆ, ಮೇಲಿನವರು ಕೇಳುತ್ತಾರೆ, ಇಲ್ಲವೇ ಅವರ ಸ್ವಂತ ಕೆಲಸ ಸ್ವಲ್ಪ ಹಗುರಾಗುತ್ತದೆ, ಇವುಗಳಲ್ಲಿ ಯಾವುದಾದರೂ ಒಂದು. 'ಸಮಾಜಸೇವೆ' ಎಂಬ ಕಾರಣ ಸುಮಾರು ಎರಡು ವಾರ ನಡೆಯುತ್ತದೆ. ಇಷ್ಟು ವರ್ಷ ಸೊಸೈಟಿ ಕೌಂಟರುಗಳ ಹಿಂದೆ ನಿಂತು ನೋಡಿದವನ ಅಂದಾಜು ಇದು, ಬೇರೆ ಊರುಗಳಲ್ಲಿ ಬೇರೆ ಇರಬಹುದು.

ಇನ್ನೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ತಲೆ ಅಲ್ಲಾಡಿಸಿ ಹೋದವರು ಮುಂದಿನ ವರ್ಷ ಅದೇ ಪ್ರಾಜೆಕ್ಟನ್ನು ತಮ್ಮ ಜೂನಿಯರ್‌ಗಳ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ನಿಮಗೆ ಬೇಕಾದ ಮಾಹಿತಿಯನ್ನು ಇವತ್ತು ಯಾರಾದರೂ ಎಲ್ಲಾದರೂ ಬರೆದಿಡುತ್ತಿದ್ದಾರೆಯೇ ಎಂದು ಮೊದಲು ನೋಡಿ. ಹಾಜರಿ ಪುಸ್ತಕ, ರಸೀದಿ ಪುಸ್ತಕ, ಗೋಡೆಯ ಮೇಲಿನ ಹಲಗೆ, ವಾಟ್ಸಾಪ್ ಗುಂಪು, ಯಾವುದಾದರೂ ಆದೀತು. ಬರೆದಿಡುತ್ತಿದ್ದರೆ ಆ ಪುಸ್ತಕದ ಬಗಲಲ್ಲಿ ಕೂತು ನಿಮ್ಮ ಕೆಲಸ ಶುರುಮಾಡಿ. ಇವತ್ತು ಯಾರೂ ಬರೆದಿಡದ ಮಾಹಿತಿಯನ್ನು ನಾಳೆ ನಿಮ್ಮ ಆ್ಯಪಿಗಾಗಿ ಯಾರೂ ಬರೆಯುವುದಿಲ್ಲ. ಒಂದಿಬ್ಬರು ಬರೆದಾರು, ನಿಮ್ಮ ಮುಖ ನೋಡಿ. ಆಮೇಲೆ ನೀವು ಬೆಂಗಳೂರಿಗೆ ಹೋಗುತ್ತೀರಿ.

ಕಾರವಾರದ ಬೈತಖೋಲ ಬಂದರಿನ ಮೀನುಗಾರರಿಗಾಗಿ ಎಂದು ಹೇಳಿಕೊಂಡ ಒಂದು ಪ್ರಾಜೆಕ್ಟು ನೆನಪಾಗುತ್ತದೆ. ಬಂಗುಡೆ, ತಾರ್ಲೆ ಎಲ್ಲಿ ಸಿಕ್ಕಿತೆಂದು ಪ್ರತಿ ಬೋಟಿನವರೂ ಮ್ಯಾಪಿನ ಮೇಲೆ ಗುರುತು ಹಾಕಬೇಕು, ಉಳಿದ ಬೋಟುಗಳು ಅಲ್ಲಿಗೆ ಹೋಗಬೇಕು. ಡೆಮೊ ಬಹಳ ಚೆಂದ ಇತ್ತು, ನೀಲಿ ಸಮುದ್ರದ ಮೇಲೆ ಪುಟ್ಟ ಮೀನುಗಳು ಕುಣಿಯುತ್ತಿದ್ದವು. ಮಾಡಿದವರಲ್ಲಿ ಒಬ್ಬ ಹುಡುಗ ಮೀನುಗಾರರ ಮನೆಯವನೇ. "ನಿನ್ನ ಅಪ್ಪ ಮೀನು ಸಿಕ್ಕ ಜಾಗ ಯಾರಿಗಾದರೂ ಹೇಳ್ತಾರಾ?" ಎಂದೆ. ಅವನು ನಕ್ಕುಬಿಟ್ಟ. "ಮಾವನಿಗೂ ಹೇಳೂದಿಲ್ಲ ಸರ್!" ಗೊತ್ತಿದ್ದೂ ಮಾಡಿದ್ದಾನೆ! ತಾಂತ್ರಿಕವಾಗಿ ಅದಕ್ಕೆ ಒಳ್ಳೆಯ ಅಂಕವೇ ಕೊಟ್ಟೆ, ಕೊಡಲೇಬೇಕಿತ್ತು.

ಅದೇ ವಿಷಯದಲ್ಲಿ ಹೈದರಾಬಾದಿನಲ್ಲಿರುವ, ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್ ಸಂಸ್ಥೆ ಏನು ಮಾಡುತ್ತದೆ ನೋಡಿ. ಸಮುದ್ರದ ಮೇಲ್ಮೈ ತಾಪಮಾನ, ನೀರಿನಲ್ಲಿರುವ ಹರಿತ್ತು (ಕ್ಲೋರೋಫಿಲ್), ಇವನ್ನು ಉಪಗ್ರಹದಿಂದ ನೋಡಿ, ಮೀನು ಸಿಗಬಹುದಾದ ಪ್ರದೇಶಗಳ ಸೂಚನೆ ಕೊಡುತ್ತದೆ. ಯಾವ ದಡದಿಂದ ಯಾವ ದಿಕ್ಕು, ಎಷ್ಟು ಕಿಲೋಮೀಟರು, ಎಷ್ಟು ಆಳ ಎಲ್ಲ ಅದರಲ್ಲಿರುತ್ತದೆ, ಕನ್ನಡದಲ್ಲೂ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಡಲಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಸೂಚನೆಯೂ ಇಲ್ಲ. ಅಲ್ಲಿ ಮಾಹಿತಿ ತುಂಬುವವರು ಸಂಬಳದ ವಿಜ್ಞಾನಿಗಳು, ಬೋಟು ನಡೆಸುವ ಯಾವ ತಾಂಡೇಲನ ಗುಟ್ಟನ್ನೂ ಕೇಳಬೇಕಾಗಿಲ್ಲ. ಸೂಚನೆ ನಂಬಿ ಹೋದರೆ ಬಲೆ ತುಂಬುತ್ತದೆ ಎಂದು ನಾನು ಹೇಳುತ್ತಿಲ್ಲ, ಅದನ್ನು ಬೋಟಿನವರೇ ಹೇಳಬೇಕು. ಆದರೆ ವಿದ್ಯಾರ್ಥಿಗಳಿಗೆ ಕೆಲಸ ಇರುವುದು ಈ ಸೂಚನೆ ಮತ್ತು ಬೋಟು ನಿಲ್ಲುವ ದಕ್ಕೆಯ ನಡುವಿನ ಕೊನೆಯ ಹೆಜ್ಜೆಯಲ್ಲಿ. ಎಷ್ಟು ಜನ ಅದನ್ನು ಓದುತ್ತಾರೆ, ಓದಿದವರಿಗೆ ಅರ್ಥವಾಗುತ್ತದೆಯೇ, ತಮ್ಮ ಜಿಪಿಎಸ್‌ಗೆ ಹಾಕಿಕೊಳ್ಳಲು ಬರುತ್ತದೆಯೇ? ಅದನ್ನು ವಿಚಾರಿಸಲು ಬೆಳಗಿನ ಜಾವ ದಕ್ಕೆಗೆ ಹೋಗಬೇಕು. ಹೋಗುವವರು ಕಡಿಮೆ.

ಹೋದರೆ ಏನಾಗುತ್ತದೆ ಎಂಬುದಕ್ಕೆ ಅಘನಾಶಿನಿಯ ಬೆಳಚಿನ ಕಥೆ ಹೇಳಬೇಕು. ಹೊಳೆಯಲ್ಲಿ ಬೆಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರಿಗೆ ಇಳಿತದ ಹೊತ್ತು ತಿಳಿಸುವ ಆ್ಯಪ್ ಮಾಡಲು ಒಂದು ತಂಡ ಹೊರಟಿತ್ತು. ವಿಷಯ ನನಗೂ ಹಿಡಿಸಿತು. ಭರತ-ಇಳಿತದ ವೇಳಾಪಟ್ಟಿಯನ್ನು ಸರ್ವೇ ಆಫ್ ಇಂಡಿಯಾ ವರ್ಷಕ್ಕೆ ಮುಂಚೆಯೇ ಲೆಕ್ಕ ಹಾಕಿ ಪ್ರಕಟಿಸುತ್ತದೆ, ಹಾಗಾಗಿ ದಿನಾ ಯಾರೂ ಏನನ್ನೂ ತುಂಬಬೇಕಾಗಿಲ್ಲ. ನನ್ನ ಪ್ರಶ್ನೆಯಿಂದ ಪಾರಾಗಬಲ್ಲ ಅಪರೂಪದ ಪ್ರಾಜೆಕ್ಟು. ಒಮ್ಮೆ ಹೋಗಿ ಮಾತಾಡಿಸಿ ಬನ್ನಿ ಎಂದು ಕಳಿಸಿದೆ. ಸೊಂಟದ ಮಟ್ಟ ನೀರಲ್ಲಿ ನಿಂತಿದ್ದ ಒಬ್ಬ ಅಮ್ಮ ಬುಟ್ಟಿ ಅಲುಗಿಸುತ್ತಲೇ ಹೇಳಿದರಂತೆ: "ಹುಣ್ಣಿಮೆ ಅಮಾಸೆಗೆ ನೀರು ಚೊಲೋ ಇಳೀತದೆ ಮಗಾ, ಅಷ್ಟಮಿಗೆ ಇಳೂದಿಲ್ಲ. ಇದಕ್ಕೆ ಫೋನ್ ಎಂತಕ್ಕೆ?" ಅವರಿಗೆ ತಿಳಿಯದೇ ಇದ್ದದ್ದು ತಮ್ಮ ಬೆಳಚು ಗೋವಾದಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆ ಎಂಬುದು. ಅದನ್ನು ಹೇಳಬಲ್ಲವನು ಒಯ್ಯುವ ವ್ಯಾಪಾರಿ ಒಬ್ಬನೇ, ಅವನಿಗೆ ಹೇಳದಿರಲು ಎಲ್ಲ ಕಾರಣಗಳೂ ಇವೆ. ಹುಡುಗರು ಬೇಸರದಿಂದ ವಾಪಸು ಬಂದರು. ಅಷ್ಟು ಒಳ್ಳೆಯ ಸರ್ವೆಯನ್ನು ನಾನು ಆ ವರ್ಷ ಬೇರೆ ಕಂಡಿರಲಿಲ್ಲ, ಆದರೆ ವರದಿಯಲ್ಲಿ ಅದಕ್ಕೆ ಅರ್ಧ ಪುಟವನ್ನೂ ಕೊಟ್ಟಿರಲಿಲ್ಲ.

ಶಿರಸಿ ಕಡೆ ಅಡಿಕೆ ದರದ ಆ್ಯಪ್‌ನದ್ದೂ ಇದೇ ಹಾಡು. ಟೆಂಡರ್ ಮುಗಿದ ಸಂಜೆಗೇ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟುಗಳ ದರ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿರುತ್ತದೆ. ತೋಟದ ಹೆಗಡೆಯವರೊಬ್ಬರು ಕೇಳಿದ್ದು ಸರಿಯಾಗಿಯೇ ಇತ್ತು: "ರೇಟು ಯಂಗೂ ಗೊತ್ತಿದ್ದು ತಮಾ, ಯಾವಾಗ ಮಾರವು ಹೇಳಿ ನಿನ್ನ ಆ್ಯಪು ಹೇಳ್ತ?"

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಭೂಕುಸಿತ ಎಚ್ಚರಿಕೆಯ ಮಾದರಿಗಳೂ ಬರತೊಡಗಿವೆ. ಥರ್ಮೋಕೋಲಿನ ಗುಡ್ಡ, ಮಣ್ಣಿನ ತೇವ ಅಳೆಯುವ ಸೆನ್ಸರು, ಲೋಟದಲ್ಲಿ ನೀರು ಹೊಯ್ದರೆ ಬಜರ್ ಕೂಗುತ್ತದೆ. ಆ ದಿನ ನಮ್ಮೆಲ್ಲರನ್ನೂ ಅಲುಗಿಸಿದೆ, ಹುಡುಗರ ಕಳಕಳಿ ನನಗೆ ಅರ್ಥವಾಗುತ್ತದೆ. ನಾನು ಭೂವಿಜ್ಞಾನಿಯಲ್ಲ, ಗುಡ್ಡ ಯಾವಾಗ ಜಾರುತ್ತದೆ ಎಂದು ಹೇಳುವ ಧೈರ್ಯ ಮಾಡಲಾರೆ. ನೀವೂ ಮಾಡಬೇಡಿ. ರಾತ್ರಿ ಎರಡು ಗಂಟೆಗೆ ಬಜರ್ ಕೂಗಿದರೆ ಅದನ್ನು ಕೇಳುವವರು ಯಾರು, ಜನರನ್ನು ಎಬ್ಬಿಸಿ ಎಲ್ಲಿಗೆ ಕಳಿಸಬೇಕು? ಮೂರು ಸಲ ಸುಮ್ಮನೆ ಕೂಗಿದ ಮೇಲೆ ನಾಲ್ಕನೇ ಸಲ ಯಾರು ಏಳುತ್ತಾರೆ? ಕಾಡಿನಲ್ಲಿ ಎರಡು ಮಳೆಗಾಲ ನಿಂತ ಸೆನ್ಸರಿಗೆ ತುಕ್ಕು ಹಿಡಿದರೆ ಬದಲಾಯಿಸುವವರು ಯಾರು? ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ, ಅಂಕಿಗಳು ತಾವಾಗಿಯೇ ಕೇಂದ್ರಕ್ಕೆ ಹೋಗುತ್ತವೆ, 'ವರುಣಮಿತ್ರ' ಎಂಬ ಸಹಾಯವಾಣಿಯೂ ಇದೆ. ಈ ಮಾಹಿತಿ ಗುಡ್ಡದ ಬುಡದ ಮನೆಗಳಿಗೆ ತಲುಪುತ್ತಿದೆಯೇ ಎಂದು ಹತ್ತು ಮನೆ ಕೇಳಿ ಬಂದರೆ ನಾನು ನಿಮಗೆ ಥರ್ಮೋಕೋಲಿಗಿಂತ ಹೆಚ್ಚು ಅಂಕ ಕೊಡುತ್ತೇನೆ.

ಬಹಳ ಪ್ರಾಜೆಕ್ಟುಗಳು ಸಾಯುವುದು ಇನ್ನೊಂದು ಸಣ್ಣ ಕಾರಣಕ್ಕೆ. ಆ್ಯಪಿನ ಸರ್ವರ್ ಖಾತೆ ತಂಡದಲ್ಲಿ ಒಬ್ಬನ ಸ್ವಂತ ಜಿಮೇಲಿನಲ್ಲಿ ಇರುತ್ತದೆ. ಅವನಿಗೆ ಕೆಲಸ ಸಿಗುತ್ತದೆ, ಸಿಮ್ ಬದಲಾಗುತ್ತದೆ, ಒಟಿಪಿ ಹಳೆಯ ನಂಬರಿಗೆ ಹೋಗುತ್ತದೆ. ಉಚಿತ ಅವಧಿ ಮುಗಿದ ದಿನ ಆ್ಯಪ್ ತೆರೆಯುವುದಿಲ್ಲ. ಹಳ್ಳಿಯಲ್ಲಿ ಅದನ್ನು ನಂಬಿದ್ದ ನಾಲ್ಕು ಜನರಿಗೆ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಿರುವುದಿಲ್ಲ, ಮುಂದಿನ ವರ್ಷದ ಹುಡುಗರು ಹೋದಾಗ ಅವರು ಬಾಗಿಲು ತೆರೆಯುವುದಿಲ್ಲ. ಖಾತೆಯನ್ನು ಸಂಘದ ಅಥವಾ ಪಂಚಾಯಿತಿಯ ಮೇಲ್ ಐಡಿಯಲ್ಲೇ ತೆರೆಯಿರಿ. ಮಾಹಿತಿಯನ್ನು ಎಕ್ಸೆಲ್ ಹಾಳೆಯಾಗಿ ಇಳಿಸಿಕೊಳ್ಳುವ ಬಟನ್ ಒಂದನ್ನು ಇಡಿ. ಆ್ಯಪ್ ಸತ್ತರೂ ಹಾಳೆ ಉಳಿಯಲಿ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಪಿಕ್ಸ್ ಎಂಬ ಕಾರ್ಯಕ್ರಮ 1995ರಿಂದ ನಡೆಯುತ್ತಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಊರಿನ ಸಂಸ್ಥೆಗಳಿಗಾಗಿ ಕೆಲಸ ಮಾಡುತ್ತಾರೆ. ಅವರ ಜಾಣತನ ಇರುವುದು ತಂಡ ಕಟ್ಟುವುದರಲ್ಲಿ. ಒಂದೇ ತಂಡದಲ್ಲಿ ಮೊದಲ ವರ್ಷದವರೂ ಕೊನೆಯ ವರ್ಷದವರೂ ಇರುತ್ತಾರೆ, ಸಂಸ್ಥೆಯ ಜೊತೆಗಿನ ಸಂಬಂಧ ವರ್ಷಗಟ್ಟಲೆ ನಡೆಯುತ್ತದೆ. ಸೆಮಿಸ್ಟರ್ ಮುಗಿದರೂ ತಂಡ ಮುಗಿಯುವುದಿಲ್ಲ. ನಮ್ಮಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಠ್ಯದಲ್ಲೇ ಸಮಾಜ ಸಂಪರ್ಕದ ವಿಷಯ ಇದೆ, ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಚಟುವಟಿಕೆಯ 100 ಪಾಯಿಂಟುಗಳಿವೆ, ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯವರು ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತಾರೆ. ಇಲ್ಲದಿರುವುದು ಹಿಂದಿನ ವರ್ಷದವರದ್ದನ್ನು ಮುಂದುವರಿಸಿದವರಿಗೆ ಮೆಚ್ಚುಗೆ. 'ಹಳೇ ಪ್ರಾಜೆಕ್ಟ್' ಎಂದರೆ ಕಾಪಿ ಎಂದೇ ಅರ್ಥ. ಪ್ರಾಧ್ಯಾಪಕ ಮಿತ್ರರಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಅವರ ಕಷ್ಟವೂ ಇದೆ, ಅಂಕದ ನಮೂನೆ ಮೇಲಿನಿಂದ ಬರುತ್ತದೆ.

ಬಿಸಿಎ ಹುಡುಗಿಯರ ಒಂದು ತಂಡದ ಬಗ್ಗೆ ಮಾತ್ರ ನನಗೆ ತುಸು ಪಕ್ಷಪಾತ. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ (ಈಗ ಅರಿವು ಕೇಂದ್ರ ಎನ್ನುತ್ತಾರೆ) ಹೋದರು, ಆ್ಯಪ್ ಮಾಡಲೇ ಇಲ್ಲ. ಮೇಲ್ವಿಚಾರಕಿ ಅಕ್ಕನ ಬಳಿ ಉದ್ದದ ಸ್ಟಾಕ್ ರಿಜಿಸ್ಟರು, ಅದಕ್ಕೆ ಸೇರಿಸಿ ಹಿಂದೆ ಯಾರೋ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪಟ್ಟಿ. ಮೊಬೈಲಿನಲ್ಲಿ ತೆರೆದರೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಹುಡುಕಿದರೆ ಏನೂ ಸಿಗದು. ಪಟ್ಟಿಯನ್ನು ಎಲ್ಲ ಫೋನುಗಳಲ್ಲೂ ಓದಲು ಬರುವ ಯೂನಿಕೋಡಿಗೆ ತಂದರು, ಒಂದು ಸಾದಾ ಶೀಟಿಗೆ ಹಾಕಿದರು. ಹೊಸ ಪುಸ್ತಕ ಬಂದರೆ ಅಕ್ಕ ಮೈಕ್ ಗುರುತು ಒತ್ತಿ ಹೆಸರು ಹೇಳುತ್ತಾರೆ, ಕನ್ನಡ ಟೈಪಿಂಗ್ ಕಲಿಯುವ ಗೋಜಿಲ್ಲ. ಫೋನು ಆಗೀಗ ತಪ್ಪು ಕೇಳಿಸಿಕೊಳ್ಳುತ್ತದೆ, ಅವರು ಬೈದು ಮತ್ತೊಮ್ಮೆ ಹೇಳುತ್ತಾರೆ. ಅವರು ಯಾಕೆ ತುಂಬುತ್ತಾರೆ ಗೊತ್ತೇ? ಪಂಚಾಯಿತಿಯಿಂದ ಪುಸ್ತಕಗಳ ಲೆಕ್ಕ ಕೇಳಿದಾಗ ರಿಜಿಸ್ಟರ್ ಹಿಡಿದು ಎಣಿಸುತ್ತ ಕೂರುವ ಕೆಲಸ ಈಗಿಲ್ಲ. ಊರಿನ ಮಕ್ಕಳಿಗೆ ಯಾವ ಪುಸ್ತಕ ಎಲ್ಲಿದೆ ಎಂದು ತಿಳಿಯುವುದು ಅದರ ಜೊತೆಗೆ ಬಂದ ಲಾಭ. ವೈವಾದಲ್ಲಿ ಇನ್ನೊಬ್ಬ ಪರೀಕ್ಷಕರು "ಇದರಲ್ಲಿ ಟೆಕ್ನಾಲಜಿ ಎಲ್ಲಿದೆ?" ಎಂದರು. ನಾವಿಬ್ಬರೂ ಅಲ್ಲೇ ಸ್ವಲ್ಪ ಜೋರಾಗಿ ಮಾತಾಡಿದೆವು.

ಈ ವರ್ಷ ಸಿನಾಪ್ಸಿಸ್ (ಪ್ರಾಜೆಕ್ಟಿನ ಸಾರಾಂಶ) ತರುವವರಿಗೆ ನನ್ನದೊಂದು ಷರತ್ತು. ಮೊದಲ ಪುಟದಲ್ಲಿ ಮಾಹಿತಿ ತುಂಬುವವರ ಹುದ್ದೆ ಬರೆಯಿರಿ. ಅವರು ಈಗ ಬರೆದಿಡುತ್ತಿರುವ ಪುಸ್ತಕದ ಒಂದು ಪುಟದ ಫೋಟೋ ಅಂಟಿಸಿ. ಅದಿಲ್ಲದಿದ್ದರೆ ನನ್ನ ಮೇಜಿನಿಂದ ವಾಪಸು. ಜನರ ಹೆಸರು, ಫೋನ್ ನಂಬರು ಸಂಗ್ರಹಿಸುವವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೊಮ್ಮೆ ಓದಿ. ಕಾಲೇಜು ಪ್ರಾಜೆಕ್ಟಿಗೆ ಅದು ಎಷ್ಟು ಅನ್ವಯ ಎಂಬುದನ್ನು ವಕೀಲರು ಹೇಳಲಿ, ನಾನು ಹೇಳುವುದು ಕೇಳದೆ ಯಾರ ನಂಬರನ್ನೂ ಬಹಿರಂಗ ಮಾಡಬೇಡಿ, ಹೆಣ್ಣುಮಕ್ಕಳದ್ದಂತೂ ಖಂಡಿತ ಬೇಡ ಎಂದು ಮಾತ್ರ. ಹದಿನೆಂಟು ತುಂಬದವರಾದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಆ ಪುಸ್ತಕದ ಫೋಟೋ ತೆಗೆಯುವಾಗಲೂ ಹೆಸರು ನಂಬರುಗಳ ಮೇಲೆ ಒಂದು ಬಿಳಿ ಕಾಗದ ಮುಚ್ಚಿ ತೆಗೆಯಿರಿ.