‘ಒಂದೆರಡು ಕಡೆ’ ಎಂದರೆ ಎಷ್ಟು ಕಡೆ?

ಮಳೆಗಾಲ ಹಿಡಿಯಿತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವಾರದ ಹವಾಮಾನದ ಪಟ್ಟಿಗಳು ಓಡಾಡತೊಡಗುತ್ತವೆ. ‘ತೀರ್ಥಹಳ್ಳಿ: ಸೋಮವಾರ ಕೆಲವು ಕಡೆ ಮಳೆ, ಮಂಗಳವಾರ ಹಲವು ಕಡೆ ಮಳೆ, ಬುಧವಾರ ಒಂದೆರಡು ಕಡೆ ಮಳೆ’ ಎಂಬ ಧಾಟಿಯ ಪಟ್ಟಿಯನ್ನು ಓದಿದವರು, ಮಂಗಳವಾರ ಜೋರು ಮಳೆ, ಬುಧವಾರ ಹೊಳವು ಎಂದು ಲೆಕ್ಕ ಹಾಕಿ, ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವ ಕೊನೆಗಾರರಿಗೆ ಹೇಳಿಕಳಿಸುತ್ತಾರೆ. ಈ ಲೆಕ್ಕಕ್ಕೂ ಆ ಪದಗಳ ಅರ್ಥಕ್ಕೂ ಸಂಬಂಧವಿಲ್ಲ.

ಹವಾಮಾನ ಇಲಾಖೆಯ ಭಾಷೆಯಲ್ಲಿ ಈ ಪದಗಳು ಮಳೆಯ ಜೋರನ್ನಾಗಲಿ, ಅದು ಸುರಿಯುವ ಹೊತ್ತನ್ನಾಗಲಿ ಹೇಳುವುದಿಲ್ಲ. ಒಂದು ವಿಭಾಗದ ಎಷ್ಟು ಮಳೆಮಾಪನ ಕೇಂದ್ರಗಳಲ್ಲಿ ಮಳೆ ದಾಖಲಾಗುತ್ತದೆ ಎಂಬುದನ್ನಷ್ಟೇ ಹೇಳುತ್ತವೆ. ಶೇ 25ರವರೆಗಿನ ಕೇಂದ್ರಗಳಾದರೆ ‘ಒಂದೆರಡು ಕಡೆ’, ಶೇ 26ರಿಂದ 50 ಆದರೆ ‘ಕೆಲವು ಕಡೆ’, ಶೇ 51ರಿಂದ 75 ಆದರೆ ‘ಹಲವು ಕಡೆ’, ಅದಕ್ಕಿಂತ ಹೆಚ್ಚಾದರೆ ‘ಬಹುತೇಕ ಕಡೆ’. ಹೀಗಿರುವಾಗ ಒಂದೇ ಊರಿನ ಹೆಸರಿನ ಮುಂದೆ ‘ಕೆಲವು ಕಡೆ’ ಎಂದು ಬರೆದರೆ, ಅದು ಊರಿನ ಯಾವ ಬೀದಿಯೆಂದು ಕೇಳಬೇಕಾಗುತ್ತದೆ.

ಪತ್ರಿಕೆಗಳಲ್ಲಿಯೂ ಇದೇ ಪಾಡು. ಒಂದೇ ಪದ ಎರಡು ಸಾಲಿನಲ್ಲಿ ಬಂದರೆ ಚೆನ್ನಾಗಿರುವುದಿಲ್ಲವೆಂದು ಮೊದಲ ಸಾಲಿನ ‘ಕೆಲವು ಕಡೆ’ಯನ್ನು ಎರಡನೆಯದರಲ್ಲಿ ‘ಹಲವೆಡೆ’ ಮಾಡಿಬಿಡುತ್ತಾರೆ. ಶೈಲಿಯ ಚೆಂದಕ್ಕಾಗಿ ಮಾಡಿದ ಈ ಬದಲಾವಣೆಯಿಂದ ಮಳೆಯ ಹರವು ಒಂದು ಮೆಟ್ಟಿಲು ಮೇಲೇರಿಬಿಡುತ್ತದೆ. ‘ಕೆಲ’, ‘ಹಲ’ ಎಂಬವು ಪ್ರಾಸಕ್ಕೆ ಒದಗುವ ಜೋಡಿಯಾದರೂ ಹುಟ್ಟಿನಿಂದಲೇ ಎದುರುಬದುರು ನಿಂತ ಪದಗಳು. ಹಳಗನ್ನಡದ ‘ಪಲವು’ ಪಕಾರ ಹಕಾರವಾಗಿ ‘ಹಲವು’ ಆಯಿತು; ಹಾಲು, ಹುಲಿ, ಹೂವು ಬಂದದ್ದೂ ಅದೇ ದಾರಿಯಲ್ಲಿ. ತಮಿಳಿನಲ್ಲಿ ಇದು ಇಂದಿಗೂ ‘ಪಲ’ವಾಗಿಯೇ ಉಳಿದಿದೆ, ನಮ್ಮ ‘ಕೆಲ’ ಅಲ್ಲಿ ‘ಸಿಲ’ ಆಗಿದೆ. ಕನ್ನಡದ ‘ಕಿವಿ’ ಅಲ್ಲಿ ‘ಸೆವಿ’ ಆದದ್ದನ್ನು ಕಿವಿಗೊಟ್ಟು ಕೇಳಿದವರಿಗೆ ಈ ನಂಟು ಹೊಸದಲ್ಲ. ಸಾವಿರಾರು ವರ್ಷಗಳಿಂದ ಎರಡು ನುಡಿಗಳೂ ಬೇರೆಬೇರೆಯಾಗಿ ಇಟ್ಟುಕೊಂಡು ಬಂದ ಕಡಿಮೆ ಮತ್ತು ಹೆಚ್ಚನ್ನು ಒಂದು ಸುದ್ದಿಯ ಅಂದಕ್ಕಾಗಿ ಕಲಸಬೇಕಾಗಿಲ್ಲ.

ವಿಭಾಗ ಎಂಬುದನ್ನೂ ಗಮನಿಸಬೇಕು. ಇಲಾಖೆಗೆ ಕರ್ನಾಟಕವೆಂದರೆ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂಬ ಮೂರು ವಿಭಾಗಗಳು. ಇವುಗಳಲ್ಲಿ ಮಲೆನಾಡು ಪ್ರತ್ಯೇಕವಾಗಿಲ್ಲ. ಮಲೆನಾಡಿನ ತೀರ್ಥಹಳ್ಳಿಯೂ ಬಯಲುಸೀಮೆಯ ಚಳ್ಳಕೆರೆಯೂ ದಕ್ಷಿಣ ಒಳನಾಡಿನಲ್ಲಿಯೇ ಇವೆ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯೂ, ಅದರ ಹತ್ತರಲ್ಲೊಂದು ಪಾಲೂ ಕಾಣದ ಚಳ್ಳಕೆರೆಯೂ ಒಂದೇ ವಾಕ್ಯದಲ್ಲಿ ಸೇರಿರುವುದರಿಂದ, ‘ದಕ್ಷಿಣ ಒಳನಾಡಿನ ಒಂದೆರಡು ಕಡೆ ಭಾರಿ ಮಳೆ’ ಎಂಬುದನ್ನು ಹಗುರವಾಗಿ ಓದುವುದು ತೀರ್ಥಹಳ್ಳಿಯವರಿಗೆ ತಕ್ಕುದಲ್ಲ. ಜುಲೈನಲ್ಲಿ ಆ ಒಂದೆರಡು ಕಡೆಗಳು ಆಗುಂಬೆ, ಹುಲಿಕಲ್ ಸೀಮೆಯಲ್ಲಿರುವುದೇ ಹೆಚ್ಚು. ‘ಭಾರಿ’ ಎಂಬುದು ಕೂಡ ಉದ್ಗಾರವಲ್ಲ: 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಸುರಿದರೆ ಮಾತ್ರ ಅದು ಭಾರಿ. ಸಂತೆಯ ದಿನ ಅರ್ಧ ಗಂಟೆ ಸುರಿದು ಚರಂಡಿ ಉಕ್ಕಿಸಿದ್ದೆಲ್ಲ ಭಾರಿಯಾಗದು.

ಒಂದು ಊರಿಗಾಗಿ ಬರೆಯುವವರು ‘ಕಡೆ’ಗಳನ್ನು ಬಿಟ್ಟು, ಮಳೆಯ ಸಾಧ್ಯತೆ ಎಷ್ಟು, ಬಂದರೆ ಹಗುರವೋ ಸಾಧಾರಣವೋ ಭಾರಿಯೋ ಎಂಬುದನ್ನು ಹೇಳಿದರೆ ಸಾಕು. ಮುನ್ಸೂಚನೆ ದಿನದಿನವೂ ಪರಿಷ್ಕಾರಗೊಳ್ಳುತ್ತದೆ. ಐದಾರನೆಯ ದಿನದ ಮಾತಿಗೆ ನಾಳೆಯ ಮಾತಿನಷ್ಟು ಭರವಸೆ ಇರುವುದಿಲ್ಲ. ಸೋಮವಾರದ ಪಟ್ಟಿಯನ್ನು ಶನಿವಾರದವರೆಗೂ ಫಾರ್ವರ್ಡ್ ಮಾಡುವವರು ಅದರ ಮೇಲಿನ ದಿನಾಂಕವನ್ನಾದರೂ ಕತ್ತರಿಸದೆ ಕಳಿಸಬೇಕು.